ಉತ್ತರ ಬರೆಯದೆ ಕಳೆದ ಎರಡು ವಾರ

ಶ್ರಾವ್ಯಾ, ಪ್ರಣಮ್, ನಿಮ್ಮ ಅಮ್ಮನಿಗೆ ಬಾಯಿಬಿಟ್ಟು ಹೇಳಲಾಗದ ಒಂದು ವಿಷಯವನ್ನು ನಿಮಗೆ ಬರೆಯುತ್ತಿದ್ದೇನೆ. ಶ್ರಾವ್ಯ ಆರನೇ ಕ್ಲಾಸಿಗೆ ಹೋದ ವರ್ಷ ನಡೆದದ್ದು. ಅಜ್ಜ ತೀರಿಕೊಂಡ ಮೇಲೆ ನಾನು ಕಾವೂರಿನ ನಿಮ್ಮ ಮನೆಗೆ ಬಂದಿದ್ದೆ.

ನಿಮ್ಮ ಅಮ್ಮ ಆಗ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಪಿಎಚ್‌ಡಿ ಇಲ್ಲದಿದ್ದರೆ ಆ ಕೆಲಸವೂ ಹೆಚ್ಚು ದಿನ ಉಳಿಯಲಿಕ್ಕಿಲ್ಲ ಎಂದು ಅಲ್ಲಿ ಹೇಳಿದ್ದರಂತೆ. ಸಂಜೆ ಪಂಪ್‌ವೆಲ್ ಕಡೆಯಿಂದ ಎರಡು ಬಸ್ಸು ಹತ್ತಿ ಬಂದು, ಮುಖವನ್ನೂ ತೊಳೆಯದೆ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು. ನನ್ನಂತೆ ಬೀಡಿ ಕಟ್ಟುವ ಹೆಂಗಸರ ಬಗ್ಗೆ ಸಂಶೋಧನೆ ಮಾಡುವ ಆಸೆ ಅವಳದು. ಗೈಡ್ ಆಗುತ್ತೀರಾ ಎಂದು ಕೇಳಿ ಎಷ್ಟೋ ಪ್ರೊಫೆಸರುಗಳಿಗೆ ಇಮೇಲ್ ಕಳಿಸಿದಳು. ಉತ್ತರ ಬಂದದ್ದು ಒಬ್ಬರಿಂದ ಮಾತ್ರ.

ಅದನ್ನು ಓದಿ ಅವಳ ಮುಖ ಸಣ್ಣದಾಯಿತು.

"ಎಂತ ಬರ್ದಿದ್ದಾರೆ?" ಎಂದೆ.

"ತಪ್ಪು ತೋರಿಸಿದ್ದಾರಮ್ಮ. ವಿಷಯ ತುಂಬಾ ದೊಡ್ಡದಾಯ್ತಂತೆ. ಬೀಡಿಯವರ ಬಗ್ಗೆ ಬೇಕಾದಷ್ಟು ಬರೆದಾಗಿದೆ, ನೀವು ಹೊಸತು ಎಂತ ಹೇಳ್ತೀರಿ ಅಂತ ಕೇಳಿದ್ದಾರೆ. ನನ್ನ ಹತ್ರ ಉತ್ತರ ಉಂಟು. ಬರೀಲಾ?"

"ಬೇಡ ಮಾರಾಯ್ತಿ. ಗುರುಗಳಿಗೆ ಎದುರು ಮಾತಾಡ್ಲಿಕ್ಕುಂಟಾ? ಸುಮ್ಮನಿರು. ಬೇಕಾದ್ರೆ ಅವರೇ ಕರೀತಾರೆ."

ನಾನು ಕಲಿತ ಊರ ಶಾಲೆಯಲ್ಲಿ ಮಾಸ್ಟ್ರು ತಪ್ಪು ತೋರಿಸಿದರೆ ತಲೆ ತಗ್ಗಿಸಿ ನಿಲ್ಲುವುದೇ ಮರ್ಯಾದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಅವಳಿಗೂ ದಣಿವು. ವಾದಿಸದೆ ಲ್ಯಾಪ್‌ಟಾಪ್ ಮುಚ್ಚಿದಳು.

ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋದೆ. ಅಲ್ಲಿ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಸದಾಶಿವಣ್ಣ ಕಟ್ಟು ಬಿಚ್ಚಿ ನೋಡಿ, ಒಂದು ಹಿಡಿ ಬೀಡಿಯನ್ನು ಬದಿಗೆ ಹಾಕಿದರು.

"ಎಂತ ವಾರಿಜಕ್ಕ, ನಿದ್ದೆಯಲ್ಲಿ ಕಟ್ಟಿದ್ದಾ?"

ಹೆಂಗಸರೆಲ್ಲ ನಕ್ಕರು. ನಾನು ಯಾರಿಗೂ ಎದುರಾಡುವವಳಲ್ಲ. ಅಂದು ಮಾತ್ರ ಬಾಯಿಂದ ಬಂದೇಬಿಟ್ಟಿತು. "ತೂತಿನ ಎಲೆ ಕೊಟ್ಟದ್ದು ನೀವೇ ಅಲ್ವಾ? ನಾನು ಬೇಡ ಅಂತಾದ್ರೆ ಹೇಳಿಬಿಡಿ."

"ನೀವು ಬೇಡ ಅಂತಾದ್ರೆ ಕಟ್ಟು ಬಿಚ್ಚಿ ನೋಡ್ತಿದ್ದೆನಾ ಅಕ್ಕ?" ಎಂದು ಅವರು ಬೇರೆ ಎಲೆ ಕೊಟ್ಟರು.

ಮನೆಗೆ ನಡೆಯುವಾಗ ಆ ಮಾತೇ ತಲೆಯಲ್ಲಿ. ಅಷ್ಟು ಪ್ರೊಫೆಸರುಗಳಲ್ಲಿ ಅವಳ ಕಟ್ಟು ಬಿಚ್ಚಿ ನೋಡಿದವರು ಆ ಉತ್ತರ ಬರೆದವರೊಬ್ಬರೇ. ಸಂಜೆ ಅವಳು ಬಂದ ಕೂಡಲೇ ಹೇಳಿದೆ, "ಬರಿ ಮಗಾ. ತಡ ಮಾಡಿಸಿದ್ದು ಅಮ್ಮ ಅಂತಲೂ ಬರಿ."

ಮರುದಿನವೇ ಉತ್ತರ ಬಂತು. ಅವಳು ನನಗೆ ಅರ್ಥವಾಗುವಂತೆ ಓದಿ ಹೇಳಿದಳು: "ನೀವು ಬರೆದದ್ದು ಸರಿಯಾಗಿದೆ. ಇದಕ್ಕೇ ಕಾದಿದ್ದೆ. ಆದರೆ ಇದ್ದ ಒಂದೇ ಜಾಗವನ್ನು ಕಳೆದ ವಾರ ಬೇರೆಯವರಿಗೆ ಕೊಟ್ಟೆ. ಮುಂದಿನ ವರ್ಷ ಬನ್ನಿ. ನಿಮ್ಮ ಅಮ್ಮನಿಗೆ ಹೇಳಿ, ನನಗೆ ಎದುರು ಮಾತಾಡುವವರೇ ಬೇಕು."

ಅವಳು ಎದ್ದು ಕೈ ತೊಳೆದು ಬಂದು, "ಗಂಜಿ ಬಡಿಸಮ್ಮ" ಎಂದಳು. ಮತ್ತೆ ವರ್ಷವಿಡೀ ಅವೇ ಎರಡು ಬಸ್ಸು. ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಕಳಚುವ ಸದ್ದು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಮರುವರ್ಷ ಆ ಪ್ರೊಫೆಸರರ ಹತ್ತಿರವೇ ಪಿಎಚ್‌ಡಿಗೆ ಸೇರಿದಳು. ಈಗಲೂ ಪ್ರಬಂಧ ಬರೆಯುತ್ತಿದ್ದಾಳೆ. ತಪ್ಪಾಯಿತು ಎಂದು ಹೇಳಲು ನನಗೆ ಮಾತ್ರ ಇನ್ನೂ ಬಾಯಿ ಬಂದಿಲ್ಲ. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಅವಳ ಬರವಣಿಗೆ ಮುಗಿದ ದಿನ ಅವಳ ಕೈಗೆ ಕೊಡಿ.