ಡೊಂಬಿವಲಿಯ ರಿಟರ್ನ್ ಗಾಡಿ, ಕಪ್ಪುಕುಳಿಯ ಗಾಳಿ

ನಾನು ಹೋಗಬೇಕಾದದ್ದು ಮುಂಬಯಿಗೆ. ಚಿಕ್ಕಮ್ಮ ಡೊಂಬಿವಲಿ ಸ್ಟೇಷನ್ನಿನಲ್ಲಿ ನನ್ನನ್ನು ದೂಡಿ ಹತ್ತಿಸಿದ್ದು ಮುಂಬಯಿಗೆ ಬೆನ್ನು ಹಾಕಿ ಕಲ್ಯಾಣಕ್ಕೆ ಹೊರಟ ಲೋಕಲಿಗೆ. "ಕಲ್ಯಾಣದಲ್ಲಿ ಇಳಿಬೇಡ ಮಾರಾಯ್ತಿ, ಹಾಗೇ ಕೂತಿರು" ಎಂದು ಹೇಳಿಯೇ ಕಳಿಸಿದ್ದರು. ಆದರೆ ಗಾಡಿ ಕಲ್ಯಾಣದಲ್ಲಿ ನಿಂತಾಗ ನಾನು ಮರ್ಯಾದಸ್ಥೆಯಂತೆ ಇಳಿದುಬಿಟ್ಟೆ. ಉಡುಪಿಯ ಸಿಟಿ ಬಸ್ಸಿನಲ್ಲಿ ಕೊನೆಯ ಸ್ಟಾಪ್ ಬಂದ ಮೇಲೂ ಕೂತರೆ "ಎಂಥ, ನಿದ್ದೆಯಾ?" ಎಂದು ಕಂಡಕ್ಟರ್ ಕೇಳುತ್ತಾನೆ. ಇಲ್ಲಿ ನಾನು ತಿರುಗಿ ನೋಡುವಷ್ಟರಲ್ಲಿ ಡಬ್ಬಿ ತುಂಬಿತ್ತು, ನನ್ನ ಸೀಟಿನಲ್ಲಿ ಬೇರೊಬ್ಬರು ಕೂತು ಹೂ ಮುಡಿಯುತ್ತಿದ್ದರು. ಅದೇ ಗಾಡಿ ಮುಂಬಯಿಗೆ ಹೊರಟಿತು, ನಾನು ಕಂಬ ಹಿಡಿದು ನೇತಾಡಿಕೊಂಡು ಹೋದೆ. ಇದಕ್ಕೆ ಇಲ್ಲಿಯವರು 'ರಿಟರ್ನ್ ಹೋಗುವುದು' ಎನ್ನುತ್ತಾರೆ: ಸೀಟಿನ ಆಸೆಗೆ ಮೊದಲು ಹಿಂದಕ್ಕೆ ಹೋಗಿ, ಇಳಿಯದೆ ಕೂತು, ಆಮೇಲೆ ಮುಂದಕ್ಕೆ ಬರುವುದು.

ನಾನು ಉಡುಪಿಯಿಂದ ಬಂದದ್ದು ಮುಂಬಯಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಎರಡು ವರ್ಷದ ಕೆಲಸಕ್ಕೆ. ಇರುವುದು ಅಮ್ಮನ ತಂಗಿಯ ಮನೆಯಲ್ಲಿ. ಚಿಕ್ಕಪ್ಪನದು ಠಾಣೆಯ ಮಾಜಿವಾಡಾದಲ್ಲಿ ಸಸ್ಯಾಹಾರಿ ಹೋಟೆಲು. ಅವರು ಮನೆಗೆ ಬರುವುದು ನಿದ್ದೆ ಮಾಡಲು ಮಾತ್ರ. ಊರಿನಲ್ಲಿ ಸಾಂಬಾರಿಗೆ ಬೆಲ್ಲ ಹಾಕುವುದು ನಮ್ಮ ಗುಟ್ಟು ಎಂದುಕೊಂಡಿದ್ದೆ. ಇಲ್ಲಿ ಪಕ್ಕದ ಮನೆಯ ಮರಾಠಿ ಹೆಂಗಸು ತಮ್ಮ ಆಮಟಿಗೂ, ಅಂದರೆ ಹುಳಿ ಸೇರಿಸಿದ ಬೇಳೆಸಾರಿಗೂ, ಬೆಲ್ಲ ಹಾಕುತ್ತಾರೆ. ಚಿಕ್ಕಮ್ಮನ ಮಗಳು ಅದಿತಿಗೆ ನನ್ನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಮೊದಮೊದಲು ಬೇಸರವಾಗುತ್ತಿತ್ತು. ಈಗ ನಾವಿಬ್ಬರೂ ನಮ್ಮನಮ್ಮ ಭಾಷೆಯಲ್ಲಿ ಹಾಯಾಗಿ ಜಗಳವಾಡುತ್ತೇವೆ.

ನನ್ನ ಕೆಲಸ ಏನೆಂದು ಚಿಕ್ಕಮ್ಮನಿಗೆ ಹೇಳುವುದೇ ಒಂದು ಸಾಹಸ. ದೊಡ್ಡ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಭಾರೀ ಕಪ್ಪುಕುಳಿ ಇರುತ್ತದೆ. ಅದು ಎಲ್ಲವನ್ನೂ ನುಂಗುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಒಳಗೆ ಬೀಳುವ ಮೊದಲು ಅನಿಲ ಸುತ್ತುತ್ತಾ ಕಾದು, ಇಡೀ ಗ್ಯಾಲಕ್ಸಿಯನ್ನೇ ಮಂಕಾಗಿಸುವಷ್ಟು ಬೆಳಗುತ್ತದೆ. ಆ ಬೆಳಕು, ಅಲ್ಲಿಂದ ಏಳುವ ಗಾಳಿ ಎರಡೂ ಸೇರಿ ಗ್ಯಾಲಕ್ಸಿಯ ಉದ್ದಗಲಕ್ಕಿರುವ ಅನಿಲವನ್ನು ಹೊರಗೆ ತಳ್ಳುತ್ತವೆ. ಅನಿಲ ಹೋದರೆ ಹೊಸ ನಕ್ಷತ್ರ ಹುಟ್ಟುವುದಿಲ್ಲ.

"ಅಂದ್ರೆ ಭಟ್ಟಿ ಜಾಸ್ತಿ ಉರಿದ್ರೆ ಕಿಚನ್ನಿನವರೇ ಹೊರಗೆ ಓಡಿದ ಹಾಗೆ" ಎಂದರು ಚಿಕ್ಕಮ್ಮ.

"ಹೆಚ್ಚುಕಡಿಮೆ ಹಾಗೇ."

"ಮತ್ತೆ ಅಡುಗೆ ಯಾರು ಮಾಡೂದು?"

"ಯಾರೂ ಇಲ್ಲ. ಅದೇ ವಿಷಯ."

ನಾನು ನೋಡುತ್ತಿದ್ದ ಗ್ಯಾಲಕ್ಸಿಯಲ್ಲಿ ಒಂದು ಕಡೆಯ ಅನಿಲ ನಮ್ಮತ್ತ ಬರುತ್ತಿತ್ತು. ಕಪ್ಪುಕುಳಿಯೇ ಅದನ್ನು ಹೊರಗೆ ದೂಡಿದೆ ಎಂದು ಪ್ರಬಂಧದ ಕರಡು ಬರೆದೆ. ಆ ವಾದ ಉಳಿದರೆ ಕೆಲಸ ಇನ್ನೆರಡು ವರ್ಷ ಮುಂದುವರಿಯುತ್ತಿತ್ತು. ಬಿದ್ದರೆ ಉಡುಪಿಗೆ ವಾಪಸು. ಅಲ್ಲಿ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯ ಹುದ್ದೆಗೆ ಅಮ್ಮ ಆಗಲೇ ಮಾತಾಡಿ ಇಟ್ಟಿದ್ದಳು.

ಅನುಮಾನ ಹುಟ್ಟಿದ್ದು ಒಂದು ಬೆಳಿಗ್ಗೆ ಕಲ್ಯಾಣದ ಕಡೆ ರಿಟರ್ನ್ ಹೋಗುತ್ತಿದ್ದಾಗ. ಪ್ಲಾಟ್‌ಫಾರ್ಮಿನಲ್ಲಿ ನಿಂತ ಹೊಸಬರು ಯಾರಾದರೂ ನೋಡಿದರೆ ನಾವೆಲ್ಲ ಮುಂಬಯಿ ಬಿಟ್ಟು ಹೋಗುತ್ತಿದ್ದೇವೆ ಎಂದೇ ತಿಳಿಯುತ್ತಾರೆ ಅನ್ನಿಸಿತು. ಹಾಗೆ ಯೋಚಿಸಿದ್ದೇ ನನ್ನ ಕರಡು ನೆನಪಾಯಿತು. ನಮ್ಮತ್ತ ಬರುವ ಅನಿಲ ಗ್ಯಾಲಕ್ಸಿಯ ನಮ್ಮ ಕಡೆಯ ಮಗ್ಗುಲಲ್ಲಿದ್ದರೆ ಹೊರಗೆ ಬರುತ್ತಿದೆ ಎಂದರ್ಥ. ಆಚೆ ಮಗ್ಗುಲಲ್ಲಿದ್ದರೆ ಅದೇ ಅನಿಲ ನಡುವಿಗೆ, ಅಂದರೆ ಒಳಕ್ಕೆ ಬೀಳುತ್ತಿರಬಹುದು. ಅದು ಯಾವ ಮಗ್ಗುಲಲ್ಲಿದೆ ಎಂದು ನಾನು ನೋಡಿಯೇ ಇರಲಿಲ್ಲ.

ನನ್ನ ಮೇಲಿನ ವಿಜ್ಞಾನಿ, ಪುಣೆ ಕಡೆಯ ಮೇಡಂ, ಕೇಳಿ ಬೈಯಲಿಲ್ಲ. "ಸೋಡಿಯಂ ದೇಖ್ ಲೋ", ಸೋಡಿಯಂ ನೋಡಿಬಿಡು, ಎಂದರು ಅಷ್ಟೆ. ಉಪ್ಪಿನಲ್ಲಿರುವ ಸೋಡಿಯಂ ಗ್ಯಾಲಕ್ಸಿಯ ತಣ್ಣನೆಯ ಅನಿಲದಲ್ಲೂ ಇರುತ್ತದೆ. ಅನಿಲ ನಕ್ಷತ್ರಗಳ ಮುಂದೆ ನಿಂತಿದ್ದರೆ ಅವುಗಳ ಹಳದಿ ಬೆಳಕಿನಿಂದ ಒಂದು ಎಳೆಯನ್ನು ಕದಿಯುತ್ತದೆ, ಅಲ್ಲೊಂದು ಕಪ್ಪು ಗೆರೆ ಕಾಣುತ್ತದೆ. ಆ ವಾರಗಳಲ್ಲಿ ನನಗೆ ಗೆರೆ ಸಿಗಲಿ ಎಂದು ಒಮ್ಮೆ ಅನ್ನಿಸುತ್ತಿತ್ತು, ಸಿಗದಿರಲಿ ಎಂದು ಇನ್ನೊಮ್ಮೆ. ಕೊನೆಗೆ ಗೆರೆ ಸಿಕ್ಕಿತು, ಅದೇ ಜಾಗದಲ್ಲಿ, ನಮ್ಮತ್ತ ಬರುವ ವೇಗದಲ್ಲೇ. ಅನಿಲ ಈಚೆ ಮಗ್ಗುಲಲ್ಲೇ ಇತ್ತು, ಹೊರಗೇ ಬರುತ್ತಿತ್ತು. ಕುಣಿಯುವಷ್ಟು ಖುಷಿಯಾಯಿತು. ಮನೆಗೆ ಬರುವ ದಾರಿಯಲ್ಲಿ ಉಡುಪಿಯ ಆ ಕಾಲೇಜು ನೆನಪಾಗಿ ಅಳುವೂ ಬಂತು.

ಚಿಕ್ಕಮ್ಮ ಅಡುಗೆಮನೆಯಲ್ಲಿ ಕೊತ್ತಂಬರಿ ಹುರಿಯುತ್ತಿದ್ದರು. ಎಲ್ಲ ಕೇಳಿದ ಮೇಲೆ, "ಹೊರಗೆ ಹೋದದ್ದು ವಾಪಸ್ ಬರ್ತದಾ?" ಎಂದರು.

"ಸುಮಾರಷ್ಟು ವಾಪಸ್ ಬೀಳ್ತದೆ ಚಿಕ್ಕಮ್ಮ. ತುಂಬ ಜೋರಲ್ಲಿ ಹೋದದ್ದು ಬರೂದಿಲ್ಲ. ನನ್ನದು ಯಾವುದಂತ ಇನ್ನು ಲೆಕ್ಕ ಹಾಕ್ಬೇಕು."

"ಮೊದಲು ಅಕ್ಕನಿಗೆ ಫೋನ್ ಮಾಡು. ಕಾಯ್ತಾ ಇರ್ತಾಳೆ."

ಚಿಕ್ಕಮ್ಮನಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದೆ. ಕೆಲಸ ಮುಂದುವರಿಯುತ್ತದೆ ಎಂದೆ, "ಇನ್ನು ಎರಡೇ ವರ್ಷ ಅಮ್ಮ" ಎಂದೆ.

ಅಮ್ಮ ಹೇಳಿದಳು: "ಒಳ್ಳೆದಾಯ್ತು. ನಿನ್ನ ಚಿಕ್ಕಮ್ಮನೂ ಎರಡೇ ವರ್ಷ ಅಂತ ಹೋದದ್ದು. ಅಲ್ಲೇ ಇದ್ದಾಳಾ?"

ಚಿಕ್ಕಮ್ಮ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿ ಫೋನ್ ತೆಗೆದುಕೊಂಡರು. ಹಾಲ್‌ನಲ್ಲಿ ಅದಿತಿ ಯಾರೊಡನೆಯೋ ಮರಾಠಿಯಲ್ಲಿ ನಗುತ್ತಿದ್ದಳು.

"ಇದ್ದೇನೆ ಅಕ್ಕ" ಎಂದರು ಚಿಕ್ಕಮ್ಮ. "ನಾನು ಈಗ್ಲೂ ವಾಪಸ್ ಬರುವವಳೇ."