ಅಕ್ಕನ ಜಪಾನಿ ಹೋಟೆಲಿಗೆ ಊಟಕ್ಕೆ ಹೋದದ್ದು

ಅಕ್ಕ ಮೀನು ಕೊಯ್ಯುತ್ತಾಳೆ ಎಂಬ ಸುದ್ದಿಯನ್ನು ಮನೆಗೆ ಮುಟ್ಟಿಸಿದವನು ನಾನೇ. ಬಾಯಿಂದಲ್ಲ, ಸೌತೆಕಾಯಿಯಿಂದ.

ಪುಣೆಯ ಒಂದು ದೊಡ್ಡ ಜಪಾನಿ ಹೋಟೆಲಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ನಾನೊಮ್ಮೆ ಹೋಗಿ ನೋಡಿ ಬಂದಿದ್ದೆ. ಯಾರನ್ನು ಕಂಡರೂ ಅವರ ಹಾಗೆ ನಡೆದು, ಮಾತಾಡಿ, ಕೆಮ್ಮಿ ತೋರಿಸದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಪಡಸಾಲೆಯಲ್ಲಿ ಸೌತೆಕಾಯಿ ಹಿಡಿದು, ಅಕ್ಕ ತುಟಿ ಕಚ್ಚಿ ಚಾಕು ಜಾರಿಸುವುದನ್ನು, ಮುಳ್ಳು ಕಿತ್ತು ಬದಿಗಿಡುವುದನ್ನು ಮಾಡಿ ತೋರಿಸಿದೆ. ಆಯಿ, ಅಂದರೆ ಅಪ್ಪನ ಅವ್ವ, ನಕ್ಕಳು. ಅಪ್ಪ ಅರ್ಧ ನಕ್ಕು ನಿಂತ.

"ಸೌತಿಕಾಯಿಗೆ ಮುಳ್ಳ ಎಲ್ಲಿಂದ ಬಂತಲೇ?"

ನಮ್ಮದು ಗಡಿನಾಡಿನ ಸಂಖ ಊರಿನ ಕಡೆಯ ಒಕ್ಕಲುತನದ ಮನೆ. ಕೊರಳಲ್ಲಿ ಲಿಂಗ, ಕೋಳಿ ತತ್ತಿ ಕೂಡ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ. ಅಕ್ಕ "ನಾ ಕಾಯಿಪಲ್ಲೆ ಕಡೆ ಇರ್ತೀನಿ" ಅಂದಿದ್ದಳು. ಸುಳ್ಳಲ್ಲ, ಅರ್ಧ ಖರೆ. ಉಳಿದರ್ಧ ನನ್ನ ಕೈಯಲ್ಲಿ ಸೌತೆಕಾಯಿಯಾಗಿ ಕೂತಿತ್ತು. ಅಪ್ಪ ಅಂದೇ ಅವಳಿಗೆ ಫೋನು ಹಚ್ಚಿದ: ದೀಪಾವಳಿಗೆ ಬರುವಾಗ ಗಂಟುಮೂಟೆ ಕಟ್ಟಿಕೊಂಡೇ ಬಾ, ಆ ಕೆಲಸ ಸಾಕು.

ಅಕ್ಕ ಅಳಲಿಲ್ಲ, ವಾದಿಸಲಿಲ್ಲ. "ಒಮ್ಮೆ ಬಂದು ನನ್ನ ಕೈಯಾಗ ಊಟಾ ಮಾಡ್ರಿ ಅಪ್ಪಾ. ಆಮ್ಯಾಲ ನೀವ್ ಹೇಳಿದಂಗ ಕೇಳ್ತೀನಿ" ಅಂದಳು. ಆಮೇಲೆ ನನಗೆ ಬೇರೆ ಫೋನು ಮಾಡಿದಳು. ಬೈಗುಳಕ್ಕೆ ಕಿವಿ ಸಿದ್ಧಮಾಡಿಕೊಂಡಿದ್ದೆ. "ಚಲೋನ ಮಾಡಿದಿ ತಮ್ಮಾ. ಮುಚ್ಚಿಟ್ಟ ಮುಚ್ಚಿಟ್ಟ ನನಗೂ ಸಾಕಾಗಿತ್ತು" ಅಂದಳು. ಬೈದಿದ್ದರೆ ಅವಳ ದನಿ ತೆಗೆದು ಊರೆಲ್ಲ ನಗಿಸಬಹುದಿತ್ತು. ಇದನ್ನು ಮಾತ್ರ ನಾನು ಇವತ್ತಿನವರೆಗೆ ಯಾರಿಗೂ ಅಣಕಿಸಿ ತೋರಿಸಿಲ್ಲ.

ತಪ್ಪು ಮಾಡಿದವನೇ ತಾಲೀಮು ಕೊಡಬೇಕು ಅಂತ ಮೊಬೈಲಿನಲ್ಲಿ ನೋಡಿ ಕಲಿತು ಮನೆಯವರಿಗೆ ಜಪಾನಿ ಊಟದ ಪಾಠ ಸುರು ಮಾಡಿದೆ. ಜೋಳದ ದಂಟು ಸೀಳಿ ಕಡ್ಡಿ ಮಾಡಿ, ಚುರುಮುರಿ ಮುಂದಿಟ್ಟೆ. ಅಪ್ಪ ದನಕ್ಕೆ ಮೇವು ಹಾಕುವ ನೆವ ಹೇಳಿ ಎದ್ದುಹೋದ. ಆಯಿ ಒಂದು ಕಾಳು ಎತ್ತಿ, ಅದು ಬಿದ್ದು, ಮತ್ತೆ ಎತ್ತಿ, ಕಡೆಗೆ ಕಡ್ಡಿಯಿಂದ ನನ್ನ ತಲೆಗೇ ಕುಟ್ಟಿದಳು. "ಗುಬ್ಬಿನೂ ಇದಕ್ಕಿಂತ ಲಗೂನ ಉಂಡ ಏಳ್ತಾವ."

ಒಂದು ಎಚ್ಚರಿಕೆ ಮಾತ್ರ ಆಯಿಗೆ ಗಟ್ಟಿಯಾಗಿ ಹೇಳಬೇಕಿತ್ತು. ನಮ್ಮ ಹಿರಿಯರು ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನು ಕುಡಿಯುತ್ತಾರೆ. ಉಂಡದ್ದು ಪ್ರಸಾದ, ಒಂದಗಳೂ ವ್ಯರ್ಥವಾಗಬಾರದು ಎಂದು.

"ಆಯೀ, ಅಲ್ಲಿ ಮಾತ್ರ ತೊಳದ ಕುಡಿಬ್ಯಾಡ. ನೋಡಿದವರು ಏನ್ ತಿಳ್ಕೊಂಡಾರು."

"ಹೋಟೆಲ್‌ನಾಗ ನಾ ಯಾವಾಗ ಕುಡದೀನಿ? ಹೋಟೆಲ್ ಊಟ ಹೊಟ್ಟಿಗಿ. ಪ್ರಸಾದ ಮನ್ಯಾಗ."

ಎಮ್ಮೆಗೆ ದಿನ ತುಂಬಿತ್ತು. ಅವ್ವ ಮನೆಯಲ್ಲೇ ಉಳಿದಳು. ನಾವು ಮೂವರು ಹೋದೆವು.

ಮಧ್ಯಾಹ್ನದ ಊಟ. ಬಾಗಿಲು ಸರಿದದ್ದೇ ಒಳಗಿದ್ದವರೆಲ್ಲ ಒಂದೇ ದನಿಯಲ್ಲಿ "ಇರಾಶ್ಶಾಯ್‌ಮಾಸೆ" ಎಂದು ಕೂಗಿದರು. ಬರ್ರಿ ಬರ್ರಿ ಅಂದ ಹಾಗೆ. ತಿರುಗಿ ಏನೂ ಹೇಳಬೇಕಾಗಿಲ್ಲ, ಸುಮ್ಮನೆ ನಕ್ಕರೆ ಸಾಕು. ನಾನು ಅದೇ ರಾಗದಲ್ಲಿ ತಿರುಗಿ ಕೂಗಿದೆ. ಅಪ್ಪ ಕೈ ಮುಗಿದು "ಶರಣ್ರೀ" ಅಂದ. ಇಬ್ಬರಲ್ಲಿ ಮರ್ಯಾದಸ್ಥನ ಹಾಗೆ ಕಂಡವನು ಅವನೇ.

ಅಡುಗೆ ಮಾಡುವವರ ಎದುರಿಗೇ ಉದ್ದನೆಯ ಕಟ್ಟಿಗೆಯ ಹಲಗೆ, ಅದರ ಮುಂದೆ ಎತ್ತರದ ಕುರ್ಚಿ. ಆಯಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊದಲು ಬಿಸಿನೀರಲ್ಲಿ ಹಿಂಡಿದ ಸಣ್ಣ ಟವೆಲ್ ಬಂತು. ಅದು ಕೈಗೆ ಮಾತ್ರ. ಅಪ್ಪ ಮುಖ, ಕೊರಳು, ಕಿವಿಯ ಹಿಂದೆಲ್ಲ ಒರೆಸಿಕೊಂಡ. ನಾನು ಕಣ್ಣು ಸನ್ನೆ ಮಾಡಿದರೆ, "ಬಿಸಿ ಐತಿ, ಚಲೋ ಐತಿ, ನೀನೂ ಒರಸ್ಕೊ" ಅಂದ.

ಅಕ್ಕ ಹಲಗೆಯ ಆಚೆ ನಿಂತಿದ್ದಳು. ಪಕ್ಕದಲ್ಲಿ ಅವಳ ಗುರು, ಜಪಾನಿನಿಂದ ಬಂದ ಹಿರಿಯ. ಅವರು ಬಾಗಿ ನಮಸ್ಕರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆ ದಿನ ನಮ್ಮ ಅಡುಗೆ ಪೂರಾ ಅಕ್ಕನದು. ಅವರು ಪಾತ್ರೆ ಎತ್ತಿ ಕೊಡುವವರು. ನಮಗಾಗಿ ಬೇರೆ ಚಾಕು, ಬೇರೆ ಹಲಗೆ ತೆಗೆದಿಟ್ಟಿದ್ದರು. ಮೀನಿನ ಸಾರು ಬೀಳುವ ಕಡೆಯೆಲ್ಲ ಅದರ ಬದಲಿಗೆ ಸಮುದ್ರದ ಸೊಪ್ಪು ನೆನೆಸಿದ ನೀರು. ಇಷ್ಟೆಲ್ಲ ಅಕ್ಕ ಕೇಳುವ ಮೊದಲೇ ಆ ಮನುಷ್ಯ ಹೇಳಿಟ್ಟಿದ್ದರಂತೆ. ಅವರಿಗೆ ನಾನು ಹೇಳಬೇಕಾದ ಥ್ಯಾಂಕ್ಸ್ ಇನ್ನೂ ಬಾಯಲ್ಲೇ ಇದೆ. ಅವರ ದನಿ ತೆಗೆಯಲು ಬರುತ್ತದೆ, ಭಾಷೆ ಬರುವುದಿಲ್ಲ.

ಇಂಥ ಕಡೆ ಊಟ ಒಮ್ಮೆಲೇ ಬರುವುದಿಲ್ಲ. ಅಂಗೈಯಷ್ಟು ತಟ್ಟೆಯಲ್ಲಿ ಒಂದು ತುತ್ತು, ಅದು ಮುಗಿದ ಮೇಲೆ ಇನ್ನೊಂದು. ಮೊದಲ ತಟ್ಟೆ ನೋಡಿ ಅಪ್ಪ ನನ್ನ ಕಿವಿಯಲ್ಲಿ, "ರುಚಿ ನೋಡಾಕ ಕೊಟ್ಟಾರ?" ಅಂದ. ಎಳ್ಳಿನ ಗಿಣ್ಣದಂಥದು ಬಂತು. ಕುಂಬಳಕಾಯಿ, ಬೆಂಡೆಕಾಯಿಯ ಭಜಿ ಬಂತು, ಎಣ್ಣೆಯ ಗುರುತೇ ಇಲ್ಲದ್ದು. ಅನ್ನದ ಸುರುಳಿ ಬಂದಾಗ ನಾನು ಕಡ್ಡಿ ಹಿಡಿದು ವಿದ್ಯೆ ತೋರಿಸಲು ಹೋದೆ. ಸುರುಳಿ ಹಾರಿ ನೀರಿನ ಲೋಟದಲ್ಲಿ ಬಿತ್ತು.

ಅಕ್ಕ ತಲೆ ಎತ್ತದೆ, "ಇದನ್ನ ಕೈಲೆ ತಿಂದ್ರೂ ನಡೀತೈತಿ ತಮ್ಮಾ. ಅವರೂ ತಿಂತಾರ" ಅಂದಳು.

ಆಯಿ ನನ್ನ ಕಡೆ ನೋಡಿದಳು. ಜೋಳದ ದಂಟಿನ ಪಾಠವೆಲ್ಲ ಆ ನೋಟದಲ್ಲಿತ್ತು.

ಆಮೇಲೆ ಬದನೆಕಾಯಿ. ಅರ್ಧ ಸೀಳಿ ಸುಟ್ಟು, ಮೇಲೆ ಸೋಯಾಕಾಳು ಹುಳಿಬರಿಸಿದ ಸಿಹಿ ಮಸಾಲೆ ಸವರಿದ್ದು. ಎಣ್ಣೆಗಾಯಿಯಲ್ಲಿ ಆಯಿ ಯಾರಿಗೂ ಪೂರಾ ಮಾರ್ಕು ಕೊಟ್ಟವಳಲ್ಲ, ಅವ್ವನಿಗಂತೂ ಅಲ್ಲವೇ ಅಲ್ಲ. ಈಗ ತೊಟ್ಟು ಮಾತ್ರ ಉಳಿಸಿ ಉಂಡಳು. ಅಪ್ಪ ಬದನೆಕಾಯಿಯನ್ನಲ್ಲ, ಅಕ್ಕನ ಕೈಯನ್ನು ನೋಡುತ್ತಿದ್ದ. ಅವಳು ಪ್ರತಿ ತಟ್ಟೆಗೂ ಮೊದಲು ಕೈ ತೊಳೆದು, ಒರೆಸಿ, ಒಂದು ಗಳಿಗೆ ಸುಮ್ಮನೆ ನಿಂತು ಆಮೇಲೆ ಮುಟ್ಟುತ್ತಿದ್ದಳು. ನಮ್ಮ ಮನೆಯಲ್ಲಿ ಪೂಜೆಗೆ ಕೂರುವ ಮೊದಲು ಅಪ್ಪ ನಿಲ್ಲುವುದೂ ಹಾಗೆಯೇ. ನಾನು ಇಬ್ಬರನ್ನೂ ಅಣಕಿಸಿದ್ದೇನೆ, ಆದ್ದರಿಂದ ಗೊತ್ತು.

ಕೊನೆಗೆ ಬಟ್ಟಲಲ್ಲಿ ಅನ್ನ, ಉಪ್ಪಿನಕಾಯಿ, ಹಸಿರು ಚಹಾ. ಅನ್ನ ಮುಗಿಸಿದ ಆಯಿ ಆಚೀಚೆ ನೋಡಲೇ ಇಲ್ಲ. ಚಹಾ ಎತ್ತಿ ಬಟ್ಟಲಿಗೆ ಸುರಿದಳು, ಬೆರಳಾಡಿಸಿ ಅಗಳು ಬಿಡಿಸಿದಳು.

"ಆಯೀ, ಬ್ಯಾಡಂದಿದ್ನಲ್ಲ" ಎಂದು ನಾನು ಪಿಸುಗುಟ್ಟುವಷ್ಟರಲ್ಲಿ ಎರಡೂ ಕೈಲಿ ಎತ್ತಿ ಗಟಗಟ ಕುಡಿದು, ಬಟ್ಟಲು ಕೆಳಗಿಟ್ಟಳು. ಪಕ್ಕದ ಗಿರಾಕಿ ತಿರುಗಿ ನೋಡಿದ. ಗುರುಗಳು ಮುಂದೆ ಬಂದು, ಖಾಲಿ ಬಟ್ಟಲಿಗೆ ಮತ್ತಷ್ಟು ಬಿಸಿ ಚಹಾ ಹಾಕಿ ತಲೆ ಬಾಗಿಸಿದರು. ಅಕ್ಕ ಗೋಡೆ ಕಡೆ ತಿರುಗಿ ನಿಂತಳು. ಆಯಿಗೆ ವಯಸ್ಸಾತು, ಮನೆ ಅಂತ ಮರೆತಳು ಅಂದುಕೊಂಡೆ. ಅಣಕಿಸುವವನಿಗೆ ಇಷ್ಟೇ ಕಾಣುವುದು.

ಮರುದಿನ ಊರಿಗೆ ಮರಳುವಾಗ ಮಿರಜ ದಾಟಿ ಡಫಳಾಪುರದಲ್ಲಿ ಚಹಾಕ್ಕೆ ಇಳಿದೆವು. ಅಪ್ಪ ಚಹಾಕ್ಕೆ ಹೇಳಿ ಬಂದು ಕೂತ.

"ಊಟ ಭಾಳ ಚಲೋ ಇತ್ತು, ಇಲ್ಲನ್ನೂದಿಲ್ಲ" ಅಂದ. "ಆದ್ರೂ ಮೀನ ಮುಟ್ಟೂ ಕೈ ಅದು. ಮೈಲಿಗಿ ಮೈಲಿಗೀನ. ದೀಪಾವಳಿಗೆ ಬಂದ ಬಿಡು ಅಂತ ಹೇಳ್ತೀನಿ."

ನಾನು ತಲೆ ತಗ್ಗಿಸಿದೆ. ಆಯಿ ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾ ಪೂರಾ ಕುಡಿದು, ಬಸಿ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳು ಆಗ ಅಂದ ಮಾತು ಕೇಳಿದ ಮೇಲೆ, ಕೆಲಸ ಬಿಡು ಎಂಬ ಆ ಫೋನನ್ನು ಅಪ್ಪ ಅಕ್ಕನಿಗೆ ಇವತ್ತಿಗೂ ಹಚ್ಚಿಲ್ಲ.

"ನಾ ಆಕಿ ಕೊಟ್ಟ ಬಟ್ಟಲಾ ತೊಳದ ಕುಡದೀನಿ. ಆಕಿ ಕೈ ಮೈಲಿಗಿ ಅಂದ್ರ, ಮದಲ ನನ್ನ ಮನಿ ಬಿಟ್ಟ ಹೊರಗ ಹಾಕು."