ಯಾರೂ ಹೇಳದ ಗಾಯ

ಸತ್ತವರು ಬರುತ್ತಾರೆ, ಸುಳಿವು ಕೊಡುತ್ತಾರೆ ಎಂಬ ಮಾತನ್ನು ನಾನು ನಂಬಿದವನಲ್ಲ. ಸತ್ತವರ ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದವನು ನಾನು. ಬರುವುದಾದರೆ ಮೊದಲು ನನ್ನ ಹತ್ತಿರವೇ ಬರಬೇಕಿತ್ತಲ್ಲ ಎಂದು ಗೆಳೆಯರೆದುರು ನಗುತ್ತಿದ್ದೆ.

ಐವತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದ ನವಿ ಪೇಠೆಯಲ್ಲಿ ಅರಿವೆ ಅಂಗಡಿಯೊಂದರ ಮೇಲೆ ನನ್ನ ಖೋಲಿ. ಜನ ತಂದ ಸಣ್ಣ ಫೋಟೊ ನೋಡಿ ದೊಡ್ಡ ಚಿತ್ರ ಮಾಡಿಕೊಡುವುದು ನನ್ನ ಕಸುಬು. ಒಂದು ದಿನ ಅಕ್ಕಲಕೋಟೆಯ ಮುದುಕ ನೇಕಾರನೊಬ್ಬ ಮಗಳ ಕೈ ಹಿಡಿದು ಮೆಟ್ಟಿಲೇರಿ ಬಂದ. ಹೆಂಡತಿ ತೀರಿ ವರ್ಷವಾಗಿತ್ತು. ಅವಳದೊಂದೂ ಫೋಟೊ ಇರಲಿಲ್ಲ. ಅವನ ಕಣ್ಣಿಗೋ ಪೊರೆ ಬರುತ್ತಿತ್ತು.

"ಪೂರಾ ಕಾಣದಂಗ ಆಗೂದ್ರಾಗ ಆಕಿನ್ನ ಒಮ್ಮಿ ನೋಡಬೇಕ್ರಿ ಮಾಸ್ತರ," ಎಂದ.

ಆಗದು ಎಂದು ಕಳಿಸಬಹುದಿತ್ತು. ಕಳಿಸದಿದ್ದುದಕ್ಕೆ ನನ್ನದೇ ಸ್ವಾರ್ಥವಿತ್ತು. ನಾನು ಚಿಕ್ಕವನಿದ್ದಾಗಲೇ ತೀರಿಕೊಂಡ ನನ್ನವ್ವನದೂ ಫೋಟೊ ಇಲ್ಲ. ಕಂಡವರ ಅವ್ವಂದಿರನ್ನೆಲ್ಲ ಬರೆದ ನನಗೆ ಅವಳ ಮುಖವೇ ಮರೆತುಹೋಗಿತ್ತು. ಇವನ ಹೆಂಡತಿಯನ್ನು ಬರೆಯಲಾದರೆ ನನ್ನವ್ವನನ್ನೂ ಬರೆದೇನು ಎಂಬ ಆಸೆ.

ಅಕ್ಕಲಕೋಟೆಗೆ ಹೋಗಿ, ಮಗಳಿಗೆ ತಾಯಿಯ ಸೀರೆ ಉಡಿಸಿ, ಮಗ್ಗದ ಪಕ್ಕ ಬಾಗಿಲ ಬೆಳಕಿಗೆ ಕೂರಿಸಿದೆ. ಮುದುಕ ಎಳೆ ಹುಡುಕುವ ಬೆರಳುಗಳಿಂದ ಅವಳ ಮುಖ ಮುಟ್ಟಿ ಮುಟ್ಟಿ ವ್ಯತ್ಯಾಸ ಹೇಳಿದ. "ಹಣಿ ಇದಕಿಂತ ಒಂದ ಬೆರಳ ಕಮ್ಮಿ. ಗಲ್ಲ ಇಲ್ಲೆ ತುಸು ತಗ್ಗು." ನೇಕಾರನಷ್ಟು ಚೊಕ್ಕವಾಗಿ ಅಳತೆ ಹೇಳುವವರನ್ನು ನಾನು ಕಂಡಿಲ್ಲ.

ಸತ್ತವರ ಕಣ್ಣನ್ನು ಕೊನೆಗೆ, ಮನೆಯವರು ಚಿತ್ರಕ್ಕೆ ಹೂವಿಟ್ಟ ಮೇಲೆಯೇ ಬರೆಯಬೇಕೆಂದು ನನಗೆ ಕಲಿಸಿದವರು ಹೇಳಿದ್ದರು. ಮೂರನೆಯ ದಿನ ಮಧ್ಯಾಹ್ನ ಕಣ್ಣುಗಳನ್ನು ಬಿಟ್ಟು ಉಳಿದದ್ದೆಲ್ಲ ಮುಗಿಯಿತು. ಹಿಂದೆ ಸರಿದು ನೋಡಿದೆ. ಎಡಹುಬ್ಬನ್ನು ಸೀಳಿದ ಹಳೆಯ ಗಾಯವೊಂದು ಅಲ್ಲಿತ್ತು. ಅದಕ್ಕೆ ಬಣ್ಣ ಕಲೆಸಿದ್ದೆ, ನೆರಳು ಕೊಟ್ಟಿದ್ದೆ. ಕೈ ನನ್ನದೇ, ಬರೆದ ನೆನಪು ಮಾತ್ರ ಇಲ್ಲ. ಮಗಳ ಹುಬ್ಬು ನೋಡಿದೆ. ಅದು ತುಂಬಿದ ಹುಬ್ಬು.

"ನಮ್ಮವ್ವಗ ಹಂತಾ ಗಾಯ ಇದ್ದಿದ್ದಿಲ್ರಿ," ಎಂದಳು ಅವಳು.

ಅಳಿಸಲೆಂದು ಅರಿವೆಗೆ ಟರ್ಪೆಂಟೈನ್ ಹಚ್ಚಿಕೊಂಡೆ. ಅಷ್ಟರಲ್ಲಿ ಹೂವು ಹಿಡಿದು ಬಂದ ಮುದುಕ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿ, ನನ್ನ ಕೈ ಗಟ್ಟಿಯಾಗಿ ಹಿಡಿದ.

"ಇದನ್ನ ಯಾರ ಹೇಳ್ಯಾರ್ರಿ ನಿಮಗ?"

ಯಾರೂ ಇಲ್ಲ ಎಂದೆ. ಅವನು ಮಗ್ಗದ ಅಂಚಿಗೆ ಕೂತ.

"ನಮ್ಮ ಮದಿವಿ ಆದ ವರ್ಷ. ಮಗ್ಗದ ಲಾಳಿ ಹಾರಿ ಬಡೀತು ಅಂತ ಆಕಿ ಮಂದಿಗೆ ಹೇಳಿದ್ಲು. ಹಾರಿದ್ದಲ್ರಿ ಅದು. ಸಿಟ್ಟಿಲೆ ನಾನೇ ಆಕಿ ಮ್ಯಾಲೆ ಒಗದಿದ್ದೆ. ಮುಂದ ಹುಬ್ಬಿನ ಕೂದಲ ಬಂದು ಮುಚ್ಚಿಕೊಂತು. ಈ ಹುಡುಗಿ ಇನ್ನಾ ಹುಟ್ಟಿದ್ದಿಲ್ಲ."

ಮಗಳು ತಂದೆಯನ್ನೇ ನೋಡುತ್ತ ನಿಂತಳು. ನಾನು ಕುಂಚ ಕೈಗೆತ್ತಿಕೊಂಡು, ಕಣ್ಣು ಬರೆಯಲೇ ಎಂದು ಕೇಳಿದೆ.

"ಬ್ಯಾಡ್ರಿ. ನಾ ಆಕಿನ್ನ ನೋಡಬೇಕಂತಿದ್ದೆ. ಆಕಿ ನನ್ನ ನೋಡೂದು ಬ್ಯಾಡ."

ಮುಚ್ಚಿದ ರೆಪ್ಪೆ ಬರೆದುಕೊಟ್ಟು ಸಂಜೆಯ ಬಸ್ಸು ಹಿಡಿದೆ.

ಸೊಲ್ಲಾಪುರಕ್ಕೆ ಬಂದವನೇ ನನ್ನ ಅಕ್ಕನನ್ನು ಎದುರಿಗೆ ಕೂರಿಸಿ, ಅದೇ ಬಗೆಯಲ್ಲಿ ಅವ್ವನನ್ನು ಬರೆಯತೊಡಗಿದೆ. ಅಕ್ಕ ನೆನಪಿದ್ದಷ್ಟು ಹೇಳಿದಳು. ಒಂದಲ್ಲ ಎರಡಲ್ಲ, ಎಷ್ಟೋ ಸಲ ಬರೆದೆ. ಪ್ರತಿಸಲವೂ ಬಂದದ್ದು ಅಕ್ಕನ ಮುಖವೇ. ಕಲೆ ಸಾವನ್ನು ಗೆಲ್ಲುತ್ತದೆ ಎಂದು ಯಾರಾದರೂ ಭಾಷಣ ಶುರುಮಾಡಿದರೆ ಈಗ ನಾನು ಎದ್ದು ಹೊರಗೆ ಹೋಗುತ್ತೇನೆ.

ಎಂದೂ ಕಾಣದ ಹೆಂಗಸೊಬ್ಬಳು, ತಾನೇ ಬದುಕಿನುದ್ದ ಮುಚ್ಚಿಟ್ಟ ಗಾಯವನ್ನು ನನ್ನ ಕೈಯಿಂದ ಹೇಗೆ ಬರೆಸಿದಳೋ ತಿಳಿಯದು. ಈಗ ಅಕ್ಕನೂ ಇಲ್ಲ. ಕ್ಯಾನ್ವಾಸಿನ ಮುಂದೆ ಕೂತು ಕಾಯುತ್ತೇನೆ. ಮುಖ ಬೇಡ, ಅವ್ವನದೊಂದು ಗಾಯವಾದರೂ ಬರಲಿ.